ಏಳಡಿ ಕೊಡೆ, ಎಂಟಡಿ ಸೂರು: ಒಂದು ಪೋರ್ಟ್ರೇಟ್ ಪ್ರಕರಣ

ಹಿನ್ನೆಲೆ

ಮಲೆನಾಡಿನ ಒಂದು ಅಡಿಕೆ ತೋಟದ ಮನೆ. ಅಲ್ಲಿನ ಅಜ್ಜಿಗೆ ಸಹಸ್ರ ಚಂದ್ರ ದರ್ಶನ, ಅಂದರೆ ವಯಸ್ಸು ಹತ್ತಿರ ಹತ್ತಿರ 81. ಊರು ಬಿಟ್ಟವರೆಲ್ಲ ಮನೆಗೆ ಬರುವ ದಿನ. ಮನೆಯವರು ಒಬ್ಬ ಫೋಟೋಗ್ರಾಫರನ್ನು ಕರೆಸಿದ್ದರು. ಬೇಕಾಗಿದ್ದು ಎರಡೇ: ಗೋಡೆಗೆ ಹಾಕಲು ಅಜ್ಜಿಯ ಒಂದು ದೊಡ್ಡ ಪೋರ್ಟ್ರೇಟ್, ಮತ್ತು ಎಲ್ಲರೂ ಇರುವ ಒಂದು ಗ್ರೂಪ್ ಫೋಟೋ. ಇಂಥ ವಯಸ್ಸಿನಲ್ಲಿ ತೆಗೆಸುವ ದೊಡ್ಡ ಪೋರ್ಟ್ರೇಟ್ ಮುಂದೆ ಯಾವುದಕ್ಕೆ ಬಳಕೆಯಾಗುತ್ತದೆ ಅಂತ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಜ್ಜಿಗೂ ಗೊತ್ತಿತ್ತು.

ನಾನು ಅಲ್ಲಿರಲಿಲ್ಲ. ಆಮೇಲೆ ಆ ಫೋಟೋಗ್ರಾಫರ್ ಜೊತೆ ಕೂತು ಅವತ್ತಿನ ರಾ ಫೈಲ್‌ಗಳನ್ನೆಲ್ಲ (ಕ್ಯಾಮೆರಾದಿಂದ ಬಂದ, ತಿದ್ದದ ಮೂಲ ಫೈಲುಗಳು) ಮೊದಲಿನಿಂದ ನೋಡಿದೆ. ಬೆಳಕು ಪರೀಕ್ಷಿಸಲು ಒತ್ತಿದ ಫ್ರೇಮುಗಳೂ ಅದರಲ್ಲಿದ್ದವು. ಈ ಪ್ರಕರಣದಲ್ಲಿ ಹೆಚ್ಚು ಕಲಿಸಿದ್ದು ಅವೇ. ಬರೆಯಲು ಅವರ ಒಪ್ಪಿಗೆ ಇದೆ, ಮನೆಯವರದ್ದೂ ಇದೆ. ಹೆಸರು, ಊರು, ಗುರುತು ಹಿಡಿಯುವಂಥ ವಿವರ ಬಿಟ್ಟಿದ್ದೇನೆ.

ಅವರ ಮುಖ್ಯ ಕೆಲಸ ಮದುವೆ ಫೋಟೋಗ್ರಫಿ. ಬ್ಯಾಗಿನಲ್ಲಿ ಎರಡು ಸ್ಪೀಡ್‌ಲೈಟ್ (ಬ್ಯಾಟರಿಯ ಸಣ್ಣ ಫ್ಲ್ಯಾಶ್), ಅವನ್ನು ದೂರದಿಂದ ಹೊತ್ತಿಸುವ ರೇಡಿಯೋ ಟ್ರಿಗರ್, 85 ಎಂಎಂ ಮತ್ತು 35 ಎಂಎಂ ಲೆನ್ಸ್, ಫ್ಲ್ಯಾಶಿನ ಬೆಳಕು ಹರಡಲು 43 ಇಂಚಿನ ಹಳೇ ಬಿಳಿ ಕೊಡೆ. ಅದರ ಜೊತೆ ಹೊಸದಾಗಿ ತಂದ 7 ಅಡಿಯ ಬಿಳಿ ಕೊಡೆ, ಬೇಕಾದಾಗ ಹಿಂದೆ ತೊಡಿಸಲು ಕಪ್ಪು ಕವರ್ ಸಮೇತ. ಇಷ್ಟು ದೊಡ್ಡದು ಯಾಕೆ ಕೊಂಡರು ಅಂದರೆ ಕಾರಣ ಸರಿಯಾಗೇ ಇತ್ತು. ಅದೇ ಅಳತೆಯ ಸಾಫ್ಟ್‌ಬಾಕ್ಸ್‌ಗೆ (ಮುಂದೆ ಬಿಳಿ ಬಟ್ಟೆಯಿರುವ ಬೆಳಕಿನ ಪೆಟ್ಟಿಗೆ) ದುಡ್ಡು ಜಾಸ್ತಿ, ಜೋಡಿಸಲು ಹೊತ್ತು ಬೇಕು. ಕೊಡೆ ಆದರೆ ಬಿಚ್ಚಿದರೆ ಮುಗೀತು, ಮಡಚಿದರೆ ಕಾರಿನ ಸೀಟಿನ ಕೆಳಗೆ ಹೋಗುತ್ತದೆ. ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ, ವಯಸ್ಸಾದವರ ಮುಖಕ್ಕೆ ಮೆತ್ತಗಿನ ಬೆಳಕು ಒಳ್ಳೆಯದು. ಅವರ ಯೋಚನೆ ಇಷ್ಟು.

ಜಾಗ ಮನೆಯವರೇ ಹೇಳಿದ್ದರು: ನಡುಮನೆ. ಹಿಂದೆ ಕೆತ್ತನೆಯ ಹಳೇ ಬಾಗಿಲು ಬರಬೇಕು. ಕೋಣೆ ಹದಿನಾಲ್ಕಡಿ ಉದ್ದ, ಹತ್ತಡಿ ಅಗಲ. ಮೇಲೆ ಅಟ್ಟ, ನೆಲದಿಂದ ಎಂಟೇ ಅಡಿ. ಎದೆ ಮಟ್ಟದವರೆಗೆ ಗೋಡೆಗೆ ಹಸಿರು ಆಯಿಲ್ ಪೇಂಟ್, ನೆಲ ಕೆಂಪು ಆಕ್ಸೈಡ್. ಹಳೇ ಮನೆ ಕಂಡವರಿಗೆ ಈ ಜೋಡಿ ಚೆನ್ನಾಗಿ ಗೊತ್ತು. ಕಣ್ಣಿಗೆ ಚಂದ, ಫ್ಲ್ಯಾಶ್‌ಗೆ ದೊಡ್ಡ ತಲೆನೋವು.

ಮೊದಲ ಫ್ರೇಮುಗಳು

ಕೊಡೆ ಬಿಚ್ಚುವಾಗಲೇ ಹಿರಿಯರೊಬ್ಬರು ತಕರಾರು ತೆಗೆದರು, ಮನೆಯೊಳಗೆ ಕೊಡೆ ಬಿಚ್ಚಬಾರದು ಅಂತ. ಅಜ್ಜಿಯೇ ನಕ್ಕು, "ಮಳೆ ಕೊಡೆ ಅಲ್ವಲ್ಲ, ಬಿಚ್ಚಲಿ ಬಿಡು" ಅಂದರಂತೆ. ಕೆಲಸ ಶುರುವಾಯಿತು.

ಮೊದಲು ಕೊಡೆಯ ಬಟ್ಟೆಯ ಮೂಲಕವೇ ಬೆಳಕು ಹಾಯಿಸಿದರು, ಶೂಟ್-ಥ್ರೂ ಅನ್ನುತ್ತೇವಲ್ಲ, ಹಾಗೆ. ಮೊದಲ ಕೆಲವು ಫ್ರೇಮುಗಳಲ್ಲಿ ಆಶ್ಚರ್ಯ ಕಾದಿತ್ತು. ಅಷ್ಟು ದೊಡ್ಡ ಕೊಡೆ ಇದ್ದೂ ಮೂಗಿನ ನೆರಳಿನ ಅಂಚು ಗಡುಸಾಗಿತ್ತು. ಕ್ಯಾಮೆರಾ ಪರದೆಯಲ್ಲಿ ಕಾರಣ ಕಾಣುವುದಿಲ್ಲ. ಕಣ್ಣಿನ ಹತ್ತಿರ ಜೂಮ್ ಮಾಡಿದರೆ ಕಾಣುತ್ತದೆ. ಅಜ್ಜಿಯ ಕಣ್ಣುಗುಡ್ಡೆಯಲ್ಲಿ ಕೊಡೆಯ ಪ್ರತಿಬಿಂಬ ಇತ್ತು. ಮಧ್ಯದಲ್ಲಿ ಒಂದು ಸಣ್ಣ ಉರಿಯುವ ಚುಕ್ಕೆ, ಅದರ ಸುತ್ತ ಬೂದು ಬಣ್ಣದ ದೊಡ್ಡ ವೃತ್ತ. ಅಂದರೆ ಬೆಳಕು ಇಡೀ ಬಟ್ಟೆಗೆ ಹರಡುತ್ತಿರಲಿಲ್ಲ. ಹಿಂದಿನ ಮದುವೆಯೊಂದರಲ್ಲಿ ಫ್ಲ್ಯಾಶಿನ ಜೂಮ್ 70 ಎಂಎಂಗೆ, ಅಂದರೆ ಬೆಳಕು ಇಕ್ಕಟ್ಟಾಗಿ ಬೀಳುವಂತೆ, ಇಟ್ಟಿದ್ದು ಹಾಗೇ ಉಳಿದಿತ್ತು. ಕೊಡೆಯ ನಡುಭಾಗಕ್ಕಷ್ಟೇ ಬೆಳಕು ಬೀಳುತ್ತಿತ್ತು, ಅಂಚಿನ ಬಟ್ಟೆ ಸುಮ್ನೆ ನಿಂತಿತ್ತು. ಕೊಡೆಯ ಮೇಲೆ ಬರೆದ ಅಳತೆಗೆ ಇಲ್ಲಿ ಬೆಲೆಯಿಲ್ಲ. ಬಟ್ಟೆಯ ಮೇಲೆ ಎಷ್ಟಗಲ ಬೆಳಕು ಬಿದ್ದಿದೆಯೋ ಅಷ್ಟೇ ನಿಮ್ಮ ಬೆಳಕಿನ ಅಳತೆ. (ಇನ್ನೊಂದು ಮಾತು. ಕೊಡೆಯ ಅಳತೆ ಹೇಳುವುದು ಸಾಮಾನ್ಯವಾಗಿ ಬಟ್ಟೆಯ ಬಾಗಿದ ಮೈ ಉದ್ದಕ್ಕೆ. 7 ಅಡಿ ಅಂದದ್ದು ಬಿಚ್ಚಿದಾಗ ಬಾಯಿಯ ಅಗಲ ಆರಡಿ ಆಸುಪಾಸು ಇರುತ್ತದೆ.)

ಇದನ್ನು ಅಲ್ಲೇ ಪತ್ತೆ ಹಚ್ಚಿದ್ದು ಅವರ ಹೆಚ್ಚುಗಾರಿಕೆ. ಜೂಮ್ 24 ಎಂಎಂಗೆ ತಂದರು, ಬೆಳಕು ಇನ್ನೂ ಅಗಲವಾಗಲು ಫ್ಲ್ಯಾಶಿನ ಮುಂದಿನ ಪ್ಲಾಸ್ಟಿಕ್ ಪಟ್ಟಿಯನ್ನೂ ಎಳೆದರು, ಕೊಡೆಯ ಕೋಲನ್ನು ಹೊಂದಿಸಿ ಫ್ಲ್ಯಾಶ್ ಬಟ್ಟೆಯಿಂದ ಆದಷ್ಟು ದೂರ ಇರುವಂತೆ ಮಾಡಿದರು. ಮುಂದಿನ ಫ್ರೇಮಿನಲ್ಲಿ ಕಣ್ಣೊಳಗಿನ ವೃತ್ತ ಅಂಚಿನ ತನಕ ಬೆಳ್ಳಗಾಯಿತು. ನೆರಳಿನ ಅಂಚು ಕರಗಿತು. ಅಷ್ಟರಲ್ಲಿ ಹೊಸ ತೊಂದರೆಗಳು ಎದ್ದವು.

ಮೊದಲನೆಯದು ಬಣ್ಣ. ಶೂಟ್-ಥ್ರೂ ಕೊಡೆಯಲ್ಲಿ ಬಟ್ಟೆ ದಾಟಿ ಮುಂದೆ ಹೋಗುವಷ್ಟೇ ಅಲ್ಲದೆ, ಸಾಕಷ್ಟು ಬೆಳಕು ಬಟ್ಟೆಗೆ ತಾಗಿ ಹಿಂದಕ್ಕೂ ಚೆಲ್ಲುತ್ತದೆ. ಸಣ್ಣ ಕೋಣೆಯಲ್ಲಿ ಅದೆಲ್ಲ ಗೋಡೆಗೆ ಬಡಿದು ವಾಪಸ್ ಬರುತ್ತದೆ, ಬರುವಾಗ ಗೋಡೆಯ ಬಣ್ಣ ಹೊತ್ತುಕೊಂಡು ಬರುತ್ತದೆ. ಅಜ್ಜಿಯ ನೆರಳಿನ ಕಡೆಯ ಕೆನ್ನೆ ತಿಳಿ ಹಸಿರಾಗಿತ್ತು. ಕೊಡೆಯ ಕೆಳ ಅಂಚು ನೆಲದಿಂದ ಎರಡಡಿ ಮೇಲಿದ್ದದ್ದರಿಂದ ಕೆಂಪು ನೆಲವೂ ಹೊಳೆದು, ಗದ್ದದ ಕೆಳಗೆ ಕೆಂಪು ಬಂದಿತ್ತು. ಇದನ್ನು ಇಡೀ ಫೋಟೋದ ಬಣ್ಣ ಒಟ್ಟಿಗೆ ತಿದ್ದುವ ವೈಟ್ ಬ್ಯಾಲೆನ್ಸ್‌ನಲ್ಲಿ ಸರಿ ಮಾಡಲು ಆಗುವುದಿಲ್ಲ. ಮುಖದ ಒಂದು ಕಡೆ ಬಿಳಿ ಬೆಳಕು, ಇನ್ನೊಂದು ಕಡೆ ಹಸಿರು, ಕೆಳಗೆ ಕೆಂಪು. ಹಸಿರು ತೆಗೆಯಲು ಹೋದರೆ ಸರಿಯಿದ್ದ ಕೆನ್ನೆ ಗುಲಾಬಿಯಾಗುತ್ತದೆ.

ಎರಡನೆಯದು ಕನ್ನಡಕ. ಅಷ್ಟಗಲದ ಕೊಡೆ ಕನ್ನಡಕದ ಗಾಜಿನಲ್ಲಿ ಬೆಳ್ಳಗೆ ಕೂತಿತ್ತು. ಕೊಡೆ ಮೇಲೇರಿಸಿದರೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಏರಿಸುವುದು ಎಲ್ಲಿಗೆ? ಆರಡಿ ಅಗಲದ ಕೊಡೆ ಎಂಟಡಿ ಸೂರಿನ ಕೆಳಗೆ. ಅದರ ನಡುಭಾಗ ನೆಲದಿಂದ ಐದಡಿಗಿಂತ ಮೇಲೆ ಹೋಗಲು ಜಾಗವೇ ಇರಲಿಲ್ಲ.

ಮೂರನೆಯದು ಮಗಳ ಮಾತು. ಟ್ಯಾಬ್‌ನಲ್ಲಿ ಫೋಟೋ ನೋಡಿದ ಹಿರಿಮಗಳು, "ಚೆನ್ನಾಗಿದೆ. ಆದರೆ ಅಮ್ಮ ಮೇಣದ ಬೊಂಬೆ ಥರ ಕಾಣ್ತಾರೆ" ಅಂದರು. ಬೆಳಕು ಎಲ್ಲ ಕಡೆಯಿಂದ ಬರುತ್ತಿದ್ದರಿಂದ ಮುಖದ ಏರಿಳಿತವೇ ಅಳಿಸಿಹೋಗಿತ್ತು. ಬಾಯಿ ಪಕ್ಕದ ಗೆರೆ, ಕಣ್ಣಂಚಿನ ಸುಕ್ಕು, ಎತ್ತರದ ಕೆನ್ನೆಮೂಳೆ ಯಾವುದೂ ಉಳಿದಿರಲಿಲ್ಲ. ಮೂವತ್ತರ ವಯಸ್ಸಿನವರಿಗೆ ಈ ಬೆಳಕು ಕೊಟ್ಟಿದ್ದರೆ ಖುಷಿಪಡುತ್ತಿದ್ದರೇನೋ. ಅಜ್ಜಿಯ ಮಕ್ಕಳಿಗೆ ಬೇಕಾಗಿದ್ದು ಅವರು ದಿನಾ ಕಂಡ ಮುಖ.

ಕಪ್ಪು ಕವರ್ ಹಾಕಿದಾಗ

ಇಲ್ಲಿ ಅವರು ತೆಗೆದುಕೊಂಡ ತೀರ್ಮಾನ, ಪುಸ್ತಕ ಓದಿದವರು ಯಾರಾದರೂ ತೆಗೆದುಕೊಳ್ಳುವಂಥದ್ದೇ. ಕೊಡೆಗೆ ಕಪ್ಪು ಕವರ್ ತೊಡಿಸಿ, ತಿರುಗಿಸಿ, ಬೆಳಕು ಒಳಮೈಗೆ ತಾಗಿ ಮುಂದಕ್ಕೆ ಬರುವಂತೆ ಮಾಡಿದರು. ಹಿಂದಕ್ಕೆ ಚೆಲ್ಲುವ ಬೆಳಕು ನಿಂತಿತು. ಪುಸ್ತಕದ ಪ್ರಕಾರ ಇದು ಸರಿ.

ಕೋಣೆ ಪುಸ್ತಕ ಓದಿರಲಿಲ್ಲ. ಶೂಟ್-ಥ್ರೂ ಇದ್ದಾಗ ಕೊಡೆಯ ಉಬ್ಬಿದ ಮೈಯನ್ನು ಮುಖದ ಹತ್ತಿರಕ್ಕೇ ತರಬಹುದು. ತಿರುಗಿಸಿದ ಮೇಲೆ ಸ್ಟ್ಯಾಂಡು, ಫ್ಲ್ಯಾಶು, ಕೋಲು ಎಲ್ಲ ಕೊಡೆಗೂ ಮುಖಕ್ಕೂ ನಡುವೆ ಬರುತ್ತವೆ. ಹತ್ತಡಿ ಅಗಲದ ಕೋಣೆಯಲ್ಲಿ ಅದಕ್ಕೆ ಜಾಗ ಮಾಡಲು ಕುರ್ಚಿಯನ್ನು ಎರಡಡಿ ಎದುರು ಗೋಡೆಯ ಕಡೆಗೆ ಸರಿಸಬೇಕಾಯಿತು. ಅಜ್ಜಿಯ ನೆರಳಿನ ಕೆನ್ನೆ ಹಸಿರು ಗೋಡೆಗೆ ಇನ್ನೂ ಹತ್ತಿರವಾಯಿತು. ಹಿಂದಿನಿಂದ ಬರುತ್ತಿದ್ದ ಹಸಿರು ನಿಂತು ಪಕ್ಕದಿಂದ ಬರುವ ಹಸಿರು ಜಾಸ್ತಿಯಾಯಿತು. ಆ ಫೈಲುಗಳಲ್ಲಿ ಎಲ್ಲಕ್ಕಿಂತ ಕೆಟ್ಟ ಬಣ್ಣ ಇರುವುದು ಇಲ್ಲೇ.

ಇನ್ನೊಂದು ವಿಷಯ ಫೈಲಿನ ಸಮಯ ನೋಡಿದಾಗ ತಿಳಿಯಿತು. ದೊಡ್ಡ ಕೊಡೆ ಪೂರ್ತಿ ತುಂಬಬೇಕು, ದೂರವೂ ಹೆಚ್ಚಾಗಿದೆ, ಹಾಗಾಗಿ ಸ್ಪೀಡ್‌ಲೈಟ್ ಫುಲ್ ಪವರ್‌ನಲ್ಲಿತ್ತು. ಪ್ರತಿ ಕ್ಲಿಕ್ಕಿನ ನಂತರ ಅದು ಚಾರ್ಜ್ ಆಗುವ ತನಕ ಕಾಯಬೇಕು. ಅಜ್ಜಿ ಮಾತಾಡುತ್ತ ನಕ್ಕಾಗ ಫ್ಲ್ಯಾಶ್ ಸಿದ್ಧ ಇಲ್ಲ, ಫ್ಲ್ಯಾಶ್ ಸಿದ್ಧವಾದಾಗ ಅಜ್ಜಿ ಕ್ಯಾಮೆರಾ ನೆನಪಾಗಿ ಬಿಗಿಯಾಗಿ ಕೂತಿದ್ದಾರೆ. ಒಂದರ ಹಿಂದೆ ಒಂದು ಬಿಗಿದ ಮುಖ.

ಕಂಬಳಿಕೊಪ್ಪೆ

ತಿರುವು ಸಿಕ್ಕಿದ್ದು ಅಳಿಸಬೇಕಾಗಿದ್ದ ಒಂದು ಫ್ರೇಮಿನಿಂದ. ಅಜ್ಜಿಯ ಸೆರಗು ಸರಿಮಾಡಲು ಮಗಳು ಬಂದು, ನೆರಳಿನ ಕಡೆ ಬಗ್ಗಿ ನಿಂತಿದ್ದರು. ಕಡು ನೀಲಿ ಸೀರೆ ಉಟ್ಟಿದ್ದರು. ಅದೇ ಹೊತ್ತಿಗೆ ಫೋಟೋಗ್ರಾಫರ್ ಬೆಳಕು ನೋಡಲು ಒಮ್ಮೆ ಒತ್ತಿದ್ದರು. ಫ್ರೇಮಿನ ಅರ್ಧ ಭಾಗ ಮಗಳ ಬೆನ್ನು. ಉಳಿದ ಅರ್ಧದಲ್ಲಿ ಅಜ್ಜಿಯ ಕೆನ್ನೆ, ಅದಕ್ಕೊಂದು ಆಕಾರ ಬಂದಿತ್ತು. ಕೆನ್ನೆಮೂಳೆಯಿಂದ ಕೆಳಗೆ ಬೆಳಕು ಮೆಲ್ಲಗೆ ಇಳಿದು ನೆರಳಾಗಿತ್ತು, ಬಾಯಿ ಪಕ್ಕದ ಗೆರೆ ವಾಪಸ್ ಬಂದಿತ್ತು, ಹಸಿರು ಮಾಯ. ಆ ಕಡು ಸೀರೆ ಗೋಡೆಯಿಂದ ಬರುವ ಬೆಳಕಿಗೆ ಅಡ್ಡ ನಿಂತಿತ್ತು, ತಾನೂ ಏನನ್ನೂ ವಾಪಸ್ ಕೊಡುತ್ತಿರಲಿಲ್ಲ.

ಅದನ್ನು ನೋಡಿದ್ದೇ ಅವರು ಕೇಳಿದ್ದು: ಮನೆಯಲ್ಲಿ ದೊಡ್ಡ ಕಪ್ಪು ಬಟ್ಟೆ ಇದೆಯಾ? ಯಾರೋ ಕೊಟ್ಟಿಗೆ ಕಡೆಯಿಂದ ಕರಿ ಕಂಬಳಿಕೊಪ್ಪೆ ತಂದರು. ಮಳೆಗಾಲದಲ್ಲಿ ತೋಟಕ್ಕೆ ಹೋಗುವಾಗ ತಲೆ ಮೇಲೆ ಹಾಕಿಕೊಳ್ಳುವುದು. ಉಣ್ಣೆಯ ಒರಟು ಮೈ, ಎಳ್ಳಷ್ಟೂ ಹೊಳಪಿಲ್ಲ. ಈ ಕೆಲಸಕ್ಕೆ ಅಂಗಡಿಯಲ್ಲಿ ಸಿಗುವ ಕಪ್ಪು ಬಟ್ಟೆಗಿಂತ ಒಳ್ಳೆಯದು ಅಂತ ನನಗನ್ನಿಸುತ್ತದೆ. ಬಿಡಿಸಿದ ಕಂಬಳಿಯನ್ನು ಮೊಮ್ಮಗನೊಬ್ಬ ಎರಡೂ ಕೈಯಲ್ಲಿ ಎತ್ತಿ, ಫ್ರೇಮಿಗೆ ತಾಗದ ಹಾಗೆ ಅಜ್ಜಿಯ ಕೆನ್ನೆಯಿಂದ ಒಂದೂವರೆ ಅಡಿ ದೂರದಲ್ಲಿ ಹಿಡಿದ. ಕೆಂಪು ನೆಲದ ಮೇಲೆ ಎರಡು ಬಿಳಿ ಪಂಚೆ ಹಾಸಿದರು. ಗದ್ದದ ಕೆಳಗಿನ ಕೆಂಪು ಹೋಗಿ, ಬಣ್ಣವಿಲ್ಲದ ಸಣ್ಣ ಬೆಳಕು ಉಳಿಯಿತು. ಕತ್ತಿನ ಸುಕ್ಕು ಅತಿಯಾಗಿ ಎದ್ದು ಕಾಣದಿರಲು ಅಷ್ಟು ಸಾಕು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಅವರು ಇನ್ನೊಂದು ಹೆಜ್ಜೆ ಇಟ್ಟರು, ಈ ಪ್ರಕರಣದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದೇ. 7 ಅಡಿ ಕೊಡೆಯನ್ನು ತೆಗೆದು ಹೊರಗಿಟ್ಟು, ಹಳೇ 43 ಇಂಚಿನ ಕೊಡೆ ಹಾಕಿದರು. ಶೂಟ್-ಥ್ರೂ ಆಗಿಯೇ, ಮುಖದಿಂದ ಎರಡೂವರೆ ಅಡಿ ದೂರದಲ್ಲಿ, ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ.

ಲೆಕ್ಕ ಹೀಗಿದೆ. 43 ಇಂಚಿನ ಕೊಡೆ ಬಿಚ್ಚಿದಾಗ ಬಾಯಿ ಸುಮಾರು ಮೂರಡಿ. ಮೂರಡಿಯ ಬೆಳಕು ಎರಡೂವರೆ ಅಡಿ ದೂರದಲ್ಲಿದ್ದರೂ, ಆರಡಿಯ ಬೆಳಕು ಐದಡಿ ದೂರದಲ್ಲಿದ್ದರೂ, ಮುಖದ ಕಡೆಯಿಂದ ನೋಡಿದರೆ ಎರಡೂ ಒಂದೇ ಅಳತೆ. ನೆರಳಿನ ಅಂಚು ಎರಡರಲ್ಲೂ ಅಷ್ಟೇ ಮೆತ್ತಗೆ. ಗೋಡೆಗೆ ಹೋಗುವ ಬೆಳಕು ಮಾತ್ರ ಒಂದೇ ಅಲ್ಲ. ಅಜ್ಜಿಯ ಆಚೆ ನಾಲ್ಕಡಿಗೆ ಗೋಡೆ ಇದೆ ಅಂದುಕೊಳ್ಳಿ. ದೊಡ್ಡ ಕೊಡೆ ಮುಖದಿಂದ ಐದಡಿ, ಗೋಡೆಯಿಂದ ಒಂಬತ್ತಡಿ. ದೂರದ ವರ್ಗಕ್ಕೆ ತಕ್ಕಂತೆ ಬೆಳಕು ಇಳಿಯುವುದರಿಂದ ಗೋಡೆಗೆ ಬೀಳುವುದು ಮುಖಕ್ಕೆ ಬಿದ್ದದ್ದರ ಮೂರರಲ್ಲಿ ಒಂದು ಪಾಲು. ಸಣ್ಣ ಕೊಡೆ ಮುಖದಿಂದ ಎರಡೂವರೆ, ಗೋಡೆಯಿಂದ ಆರೂವರೆ ಅಡಿ. ಗೋಡೆಗೆ ಬೀಳುವುದು ಏಳರಲ್ಲಿ ಒಂದು ಪಾಲು. ಇಷ್ಟು ಅಗಲದ ಬೆಳಕಿಗೆ ಈ ಲೆಕ್ಕ ಚಾಚೂ ತಪ್ಪದೆ ಕೂರುವುದಿಲ್ಲ, ಆದರೆ ಯಾವ ಕಡೆ ವಾಲುತ್ತದೆ ಅಂತ ತೋರಿಸಲು ಸಾಕು. ಅಂದರೆ ಹಸಿರು ಗೋಡೆ ಒಂದು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಮಂಕಾಯಿತು. ಉಳಿದದ್ದನ್ನು ಕಂಬಳಿ ನುಂಗಿತು.

ಇದರ ಜೊತೆ ಬಿಟ್ಟಿಯಾಗಿ ಸಿಕ್ಕಿದ್ದೂ ಇದೆ. ಫ್ಲ್ಯಾಶ್ ಪವರ್ ಎಂಟನೇ ಒಂದಕ್ಕೆ ಇಳಿಯಿತು. ಚಾರ್ಜ್ ಆಗಲು ಕಾಯುವ ಮಾತೇ ಇಲ್ಲ. ಅಜ್ಜಿ ತಮ್ಮ ಮದುವೆಯಲ್ಲಿ ದಿಬ್ಬಣ ಹೊಳೆ ದಾಟಿದ ಕಥೆ ಹೇಳುತ್ತ ಹೋದರು, ಇವರು ಕ್ಲಿಕ್ಕಿಸುತ್ತ ಹೋದರು. ಸಣ್ಣ ಕೊಡೆಯ ನಡುಭಾಗ ಆರಡಿ ಎತ್ತರಕ್ಕೆ ಆರಾಮಾಗಿ ಏರಿತು. ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಅರ್ಧ ಇಂಚು ಮೇಲೆತ್ತಿಸಿದಾಗ ಗಾಜು ತುಸು ಕೆಳಕ್ಕೆ ವಾಲಿ, ಬಿಳಿ ಹೊಳಪು ಹೋಯಿತು. ಮೂಗುತಿಯ ಹರಳಿನಲ್ಲಿ ಮಾತ್ರ ಕೊಡೆಯ ಒಂದು ಚುಕ್ಕೆ ಉಳಿಯಿತು, ಅದು ಇರಬೇಕಾದದ್ದೇ.

ಮನೆಯವರು ಕೊನೆಗೆ ಆರಿಸಿ 20×30 ಇಂಚಿಗೆ ಹಾಕಿಸಿದ್ದು ಈ ಸಾಲಿನದ್ದು. ಅದರಲ್ಲಿ ಅಜ್ಜಿ ಕ್ಯಾಮೆರಾ ನೋಡುತ್ತಿಲ್ಲ, ಮಾತಿನ ಮಧ್ಯೆ ಮಗಳ ಕಡೆ ನೋಡುತ್ತಿದ್ದಾರೆ.

ಅಂಗಳದ ಗ್ರೂಪ್

ದೊಡ್ಡ ಕೊಡೆಗೆ ಕೆಲಸ ಸಿಕ್ಕಿದ್ದು ಹೊರಗೆ, ತೊಟ್ಟಿಯ ಅಂಗಳದಲ್ಲಿ. ಮೂರು ತಲೆಮಾರಿನವರು ಮೂರು ಸಾಲು. ಮೊದಲು ಕೊಡೆಯನ್ನು ಒಂದು ಪಕ್ಕಕ್ಕಿಟ್ಟು ನೋಡಿದರು. ಹತ್ತಿರದವರಿಗೆ ಆರಡಿ, ದೂರದವರಿಗೆ ಹದಿನಾಲ್ಕಡಿ. ಎರಡು ತುದಿಗೆ ಎರಡು ಸ್ಟಾಪ್‌ಗಿಂತ ಹೆಚ್ಚು ಅಂತರ. ಒಂದು ತುದಿಯವರು ಸುಣ್ಣ, ಇನ್ನೊಂದು ತುದಿಯವರು ಇದ್ದಿಲು. ಕೊಡೆಯನ್ನು ಹದಿನೆಂಟಡಿ ಹಿಂದಕ್ಕೆ ಒಯ್ದರೆ ಈ ಅಂತರ ಒಂದು ಸ್ಟಾಪ್‌ನ ಆಸುಪಾಸಿಗೆ ಇಳಿಯುತ್ತದೆ. ಆದರೆ ಅಷ್ಟು ದೂರದಲ್ಲಿ ಆರಡಿಯ ಕೊಡೆಯೂ ಸಣ್ಣದೇ, ಬೆಳಕು ಮತ್ತೆ ಗಡುಸು. ಒಂದು ಸ್ಪೀಡ್‌ಲೈಟ್‌ಗೆ ಆ ದೂರ ನಿಭಾಯಿಸುವ ಶಕ್ತಿಯೂ ಇಲ್ಲ.

ಕೊನೆಗೆ ಅಂಗಳದ ಮೇಲಿನ ಆಕಾಶವನ್ನೇ ಮುಖ್ಯ ಬೆಳಕು ಮಾಡಿಕೊಂಡರು. ಅದಕ್ಕಿಂತ ದೊಡ್ಡ ಕೊಡೆ ಯಾರ ಹತ್ತಿರವೂ ಇಲ್ಲ ಅಲ್ವಾ. ಮೇಲಿನಿಂದ ಬರುವ ಬೆಳಕಿಗೆ ಕಣ್ಣುಗುಳಿ ಕಪ್ಪಾಗುತ್ತದೆ, ಅದನ್ನು ತುಂಬಲು 7 ಅಡಿ ಕೊಡೆಯನ್ನು ತಮ್ಮ ಬೆನ್ನ ಹಿಂದೆ, ತಲೆಗಿಂತ ತುಸು ಮೇಲೆ ನಿಲ್ಲಿಸಿದರು. ಆಕಾಶದ ಬೆಳಕಿಗಿಂತ ಎರಡು ಸ್ಟಾಪ್‌ನಷ್ಟು ಕಡಿಮೆ ಬೆಳಕು, ಕಣ್ಣಿಗೆ ಜೀವ ಬರುವಷ್ಟು. ಸೂರಿನ ಕೆಳಗೆ ನಿಂತಿದ್ದವರಿಗೆ ಆಕಾಶ ಕಾಣುತ್ತಿರಲಿಲ್ಲ, ಅವರ ಮುಖ ಕಪ್ಪು. ತುದಿಯವರನ್ನು ಮುಂದಕ್ಕೆ ಕರೆದು ಸಾಲನ್ನು ಬಿಲ್ಲಿನಂತೆ ಬಾಗಿಸಿದ ಮೇಲೆ ಅದೂ ಸರಿಹೋಯಿತು.

ಗಾಳಿ ಒಮ್ಮೆ ಜೋರಾಗಿ ಬಂದು ಕೊಡೆಯನ್ನು ಸ್ಟ್ಯಾಂಡ್ ಸಮೇತ ತಿರುಗಿಸಿತು. ಕಾಲಿನ ಮೇಲೆ ಅಡಿಕೆ ಮೂಟೆ ಇಟ್ಟಿದ್ದರಿಂದ ಬೀಳಲಿಲ್ಲ, ಆದರೆ ಫ್ಲ್ಯಾಶ್ ಹಿಡಿದಿದ್ದ ಸಣ್ಣ ಕ್ಲಾಂಪು ಜಾರಿ ತಲೆ ಬಗ್ಗಿಸಿತು. ಇಷ್ಟು ದೊಡ್ಡ ಬಟ್ಟೆಯ ಭಾರಕ್ಕೆ ಮದುವೆ ಕೆಲಸದ ಸಾಮಾನ್ಯ ಬ್ರಾಕೆಟ್ ಸಾಲದು.

ನಾವು ಒಪ್ಪದ ವಿಷಯ

ಪೋರ್ಟ್ರೇಟನ್ನೂ ಅಂಗಳದ ಅಂಚಿನಲ್ಲೇ, ಜಗಲಿ ಮೇಲೆ ಕೂರಿಸಿ ತೆಗೆದಿದ್ದರೆ ಕೊಡೆಯೇ ಬೇಕಿರಲಿಲ್ಲ ಅಂತ ನಾನು ಹೇಳಿದೆ. ಅವರು ಒಪ್ಪಲಿಲ್ಲ. ಮನೆಯವರಿಗೆ ಆ ಬಾಗಿಲು ಬೇಕಿತ್ತು, ಬಾಗಿಲು ಇರುವುದು ನಡುಮನೆಯಲ್ಲಿ, ಬೆಳಕು ಸುಲಭವಾಗಿ ಸಿಗುವ ಕಡೆ ಜನರನ್ನು ಎಳೆದೊಯ್ಯುವುದು ತಮ್ಮ ಕೆಲಸ ಅಲ್ಲ ಅಂದರು. ಅವರ ಮಾತಲ್ಲಿ ಹುರುಳಿದೆ. ಆದರೂ ಮೊದಲ ಅರ್ಧ ತಾಸು ಜಗಲಿಯಲ್ಲಿ ತೆಗೆದು, ಅಜ್ಜಿಗೆ ಕ್ಯಾಮೆರಾ ರೂಢಿಯಾದ ಮೇಲೆ ಒಳಗೆ ಹೋಗಿದ್ದರೆ ಆ ಬಿಗಿದ ಮುಖಗಳು ಕಡಿಮೆ ಇರುತ್ತಿದ್ದವು ಅನ್ನುವುದು ನನ್ನ ಲೆಕ್ಕ.

ಮುಖ ಚಪ್ಪಟೆಯಾದಾಗ ಎರಡನೇ ಫ್ಲ್ಯಾಶ್ ಹಚ್ಚಲು ಕೈ ಹೋಗಲಿಲ್ಲವೇ ಅಂತಲೂ ಕೇಳಿದೆ. ಹೋಗಿತ್ತಂತೆ, ಬ್ಯಾಗಿನಿಂದ ತೆಗೆದೂ ಆಗಿತ್ತಂತೆ. ಆ ನೀಲಿ ಸೀರೆಯ ಫ್ರೇಮ್ ಅಷ್ಟರಲ್ಲಿ ಬಂತು. ನಮ್ಮಲ್ಲಿ ಬಹಳ ಮಂದಿ, ನನ್ನನ್ನೂ ಸೇರಿಸಿ, ಆ ಎರಡನೇ ಫ್ಲ್ಯಾಶ್ ಹಚ್ಚಿಬಿಡುತ್ತೇವೆ. ಆ ಕೋಣೆಯಲ್ಲಿ ಬೆಳಕು ಮೊದಲೇ ಜಾಸ್ತಿಯಾಗಿತ್ತು. ಇನ್ನೊಂದು ಸೇರಿಸಿದ್ದರೆ ಇನ್ನಷ್ಟು ಹಸಿರು ಬರುತ್ತಿತ್ತು, ಅಷ್ಟೇ.

ಈಗ ಮನೆಗೆ ಹೋಗಿ ತೆಗೆಯುವ ಕೆಲಸ ಬಂದರೆ ಅವರು ಮುಂಚೆಯೇ ವಾಟ್ಸಾಪಿನಲ್ಲಿ ಕೋಣೆಯ ಫೋಟೋ ತರಿಸಿಕೊಳ್ಳುತ್ತಾರೆ. ಸೂರಿನ ಎತ್ತರ ಕೇಳುತ್ತಾರೆ, ಗೋಡೆ ಬಣ್ಣ ನೋಡುತ್ತಾರೆ. ಸೂರು ಹತ್ತಡಿಗಿಂತ ಕೆಳಗಿದ್ದರೆ ದೊಡ್ಡ ಕೊಡೆ ಕಾರಿನಲ್ಲೇ ಉಳಿಯುತ್ತದೆ. ಒಂದು ಕರಿ ಕಂಬಳಿ ಕೊಂಡಿದ್ದಾರೆ. ಗ್ರೂಪ್ ಫೋಟೋದಲ್ಲಿ ಎಡತುದಿಯ ಅಳಿಯನ ಕನ್ನಡಕದಲ್ಲಿ ಬೆಳ್ಳಗೆ ಕೂತ 7 ಅಡಿ ಕೊಡೆಯನ್ನು ತೆಗೆಯಲು ಬೇರೆ ಫ್ರೇಮಿನಿಂದ ಕಣ್ಣು ತಂದು ಕೂರಿಸಲು ನೋಡಿದರು. ಅಳಿಯ ಕಣ್ಣು ಬಿಟ್ಟಿದ್ದ ಇನ್ನೊಂದು ಫ್ರೇಮ್ ಸಿಗಲಿಲ್ಲ.